ವಿನ್ಯಾಸವೂ ಜಾಹೀರಾತೂ: ಒಂದು ಸಹಾಧ್ಯಯನದ ವಿಮರ್ಶೆ

ವಿದ್ಯಾವಿಷಯಗಳನ್ನು ಒಂದರೊಡನೊಂದು ಜೋಡಿಸುವ ಕಾರ್ಯವು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಆಡಳಿತದ ಅನುಕೂಲವನ್ನು ನೋಡಿಕೊಂಡು ನಡೆಯುತ್ತದೆ. ವಿಷಯಗಳ ಒಳಸಂಬಂಧವನ್ನು ನೋಡಿಕೊಂಡು ನಡೆಯುವುದು ವಿರಳ. ವಿನ್ಯಾಸ, ಸಾರ್ವಜನಿಕ ಸಂಪರ್ಕ, ಜಾಹೀರಾತು ಎಂಬ ಮೂರನ್ನು ಒಂದೇ ಪದವಿಯೊಳಗೆ ಕಲಿಸುವ ಏರ್ಪಾಡು ಈಗ ಹಲವೆಡೆ ಕಾಣಬರುತ್ತಿದೆ. ಈ ಜೋಡಣೆ ಒಳಸಂಬಂಧದಿಂದ ಹುಟ್ಟಿದುದೇ, ಅನುಕೂಲದಿಂದ ಹುಟ್ಟಿದುದೇ ಎಂಬುದನ್ನು ಇಲ್ಲಿ ವಿವೇಚಿಸಬೇಕೆಂದಿದ್ದೇನೆ.

ಇದಕ್ಕೊಂದು ನಿಮಿತ್ತವೂ ಉಂಟು. ಕಳೆದ ಬೇಸಗೆಯಲ್ಲಿ ನಮ್ಮ ನೆರೆಮನೆಯ ಹುಡುಗಿ ಅಂತಹದೊಂದು ಪದವಿಯ ಪ್ರಾಸ್ಪೆಕ್ಟಸನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಅವರದು ಕುಂದಾಪುರ ಕಡೆಯ ಮನೆತನ. ಮುಂಬಯಿಗೆ ಬಂದು ಮೂರು ತಲೆಮಾರು ಆಯಿತು. ಜೊತೆಗೆ ಬಂದಿದ್ದ ತಂದೆಯ ಪ್ರಶ್ನೆ ಎಲ್ಲ ತಂದೆಯರದೂ ಆದ ಪ್ರಶ್ನೆಯೇ: “ಇದನ್ನು ಕಲಿತರೆ ಕೆಲಸ ಸಿಗುತ್ತದೆಯೇ?” ಅದಕ್ಕೆ ಉತ್ತರ ಹೇಳುವುದು ಕಷ್ಟವಾಗಲಿಲ್ಲ. ಆದರೆ ಹುಡುಗಿ ತಂದೆ ಎದ್ದು ಹೊರಟ ಮೇಲೆ ಬಾಗಿಲಲ್ಲಿ ನಿಂತು, “ಮಾಮ, ಚಿತ್ರ ಬರೆಯಲು ಕಲಿಯಬೇಕಾದರೆ ಸುಳ್ಳು ಹೇಳುವುದನ್ನೂ ಕಲಿಯಲೇಬೇಕೇ?” ಎಂದು ಕೇಳಿದಳು. ಹದಿನೈದು ದಿನ ಬಿಟ್ಟು ಹೇಳುತ್ತೇನೆಂದು ಕಳುಹಿಸಿದೆ. ಆ ಹದಿನೈದು ದಿನಗಳ ಓದಿನ ಫಲವನ್ನೇ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಶಬ್ದಗಳನ್ನು ನೋಡೋಣ. ‘ವಿನ್ಯಾಸ’ವು ಸಂಸ್ಕೃತದ ‘ನ್ಯಾಸ’ದಿಂದ ಬಂದುದು, ಇಡುವಿಕೆ, ಒಂದೊಂದನ್ನೂ ಅದರದರ ಎಡೆಯಲ್ಲಿ ಇರಿಸುವಿಕೆ ಎಂಬುದು ಅದರ ಮೂಲಾರ್ಥ. ‘ಜಾಹೀರಾತು’ ಅರಬ್ಬಿಯ ‘ಜಾಹಿರ್’ ಎಂಬುದರಿಂದ ಹೊರಟು ಫಾರಸಿ, ಮರಾಠಿಗಳ ಹಾದಿಯಲ್ಲಿ ನಮ್ಮಲ್ಲಿಗೆ ಬಂದಿದೆ. ಕಣ್ಣಿಗೆ ಕಾಣುವಂತೆ ಮಾಡುವುದು ಎಂದಷ್ಟೇ ಅದರ ಅರ್ಥ. ಇವೆರಡರಲ್ಲಿಯೂ ಕಪಟದ ವಾಸನೆಯಿಲ್ಲ. ‘ಸಾರ್ವಜನಿಕ ಸಂಪರ್ಕ’ ಮಾತ್ರ ಸರಕಾರಿ ಕಚೇರಿಯ ಮೇಜಿನ ಮೇಲೆ ಹುಟ್ಟಿದ ಭಾಷಾಂತರ. ಮೂಲ ಇಂಗ್ಲಿಷ್ ಪದಕ್ಕೆ ‘ಸಂಬಂಧ’ವೇ ಹತ್ತಿರವಾಗಿತ್ತು. ಸಂಬಂಧಕ್ಕೆ ಎರಡು ಕಡೆಯವರೂ ಬೇಕು. ಸಂಪರ್ಕವಾದರೋ ಒಂದು ಕಡೆಯಿಂದ ಸೋಂಕಿದರೂ ಆದೀತು. ಭಾಷಾಂತರಕಾರನು ಅರಿಯದೆಯೇ ನಿಜವನ್ನು ಹೇಳಿಬಿಟ್ಟಿದ್ದಾನೆಂದು ಒಮ್ಮೊಮ್ಮೆ ನನಗೆ ತೋರುತ್ತದೆ.

ಈ ವಿದ್ಯೆಗಳು ವಿಶ್ವವಿದ್ಯಾನಿಲಯವನ್ನು ಹೊಕ್ಕ ಬಾಗಿಲುಗಳು ಬೇರೆ ಬೇರೆ. ಜಾಹೀರಾತು ಒಳಬಂದದ್ದು ಮನಶ್ಶಾಸ್ತ್ರದ ಬಾಗಿಲಿನಿಂದ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರಜ್ಞನಾಗಿದ್ದ ವಾಲ್ಟರ್ ಡಿಲ್ ಸ್ಕಾಟ್ 1903ರಲ್ಲಿ ಜಾಹೀರಾತಿನ ಸಿದ್ಧಾಂತವನ್ನು ಕುರಿತೂ 1908ರಲ್ಲಿ ಅದರ ಮನಶ್ಶಾಸ್ತ್ರವನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದನು. ಸಾರ್ವಜನಿಕ ಸಂಪರ್ಕಕ್ಕೆ ಬಾಗಿಲು ತೆರೆದವನು ಎಡ್ವರ್ಡ್ ಬರ್ನೇಸ್. ಸಿಗ್ಮಂಡ್ ಫ್ರಾಯ್ಡನ ಸೋದರಳಿಯ. ಲೋಕಾಭಿಪ್ರಾಯವನ್ನು ರೂಪಿಸುವ ಬಗೆಯನ್ನು ಕುರಿತ ಅವನ ಪುಸ್ತಕ ಹೊರಬಂದುದೂ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಆತನು ಆ ವಿಷಯದ ಪಾಠವನ್ನು ಆರಂಭಿಸಿದುದೂ 1923ರಲ್ಲಿಯೇ. ಇದಕ್ಕೆಂದೇ ಪ್ರತ್ಯೇಕವಾದ ಶಾಲೆ ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ 1947ರಲ್ಲಿ ಹುಟ್ಟಿತು. ವಿನ್ಯಾಸವಾದರೋ ಕಮ್ಮಟದಿಂದ, ಕರಕುಶಲ ಶಾಲೆಯಿಂದ ನಡೆದು ಬಂದ ವಿದ್ಯೆ. ಜರ್ಮನಿಯ ವೈಮಾರಿನಲ್ಲಿ 1919ರಲ್ಲಿ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಶಾಲೆಯಲ್ಲಿ ಕಲಿಯುವವನು ಮರ, ಲೋಹ, ನೂಲು, ಗಾಜುಗಳನ್ನು ಕೈಯಲ್ಲಿ ಹಿಡಿದು ಕಲಿಯಬೇಕಾಗಿತ್ತು. ಅದೇ ಶಾಲೆ 1925ರಲ್ಲಿ ದೆಸ್ಸೌ ನಗರಕ್ಕೆ ಹೋದ ಮೇಲೆ ಹರ್ಬರ್ಟ್ ಬಾಯರನ ಕೈಕೆಳಗೆ ಮುದ್ರಣ ಮತ್ತು ಜಾಹೀರಾತಿನ ಕಮ್ಮಟವೊಂದು ನಡೆಯತೊಡಗಿತು. ವಿನ್ಯಾಸಕ್ಕೂ ಜಾಹೀರಾತಿಗೂ ಶಾಲೆಯೊಳಗೆ ನಡೆದ ಮೊದಮೊದಲಿನ ನಂಟಸ್ತಿಕೆಗಳಲ್ಲಿ ಇದೊಂದು.

ಒಬ್ಬನಲ್ಲಿ ಮನಸ್ಸನ್ನು ಒಲಿಸಿಕೊಳ್ಳುವ ಗುರಿ. ಇನ್ನೊಬ್ಬನಲ್ಲಿ ವಸ್ತುವನ್ನು ಸರಿಯಾಗಿ ಮಾಡುವ ಗುರಿ. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕುಳ್ಳಿರಿಸುವುದರಲ್ಲಿ ಲಾಭವಿಲ್ಲವೆಂದು ಹೇಳುವಂತಿಲ್ಲ. ನ್ಯೂಯಾರ್ಕಿನ ಜಾಹೀರಾತು ಕಚೇರಿಗಳಲ್ಲಿ ಬಹುಕಾಲದ ಪದ್ಧತಿಯೆಂದರೆ, ಬರಹಗಾರನು ಮಾತನ್ನು ಬರೆದು ಮುಗಿಸಿದ ಮೇಲೆ ಅದನ್ನು ಚಿತ್ರಕಾರನ ಕೋಣೆಗೆ ಕಳುಹಿಸುವುದು. ಅವನು ಅದರ ಸುತ್ತಲೂ ಒಂದು ಚಿತ್ರವನ್ನು ತುಂಬಿಸುವುದು. 1949ರಲ್ಲಿ ತನ್ನದೇ ಸಂಸ್ಥೆಯನ್ನು ತೆರೆದ ವಿಲಿಯಂ ಬರ್ನ್‌ಬಾಕ್ ಈ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕುಳ್ಳಿರಿಸಿದನು. ಅದರಿಂದ 1959ರಲ್ಲಿ ಫೋಕ್ಸ್‌ವ್ಯಾಗನ್ ಮೋಟಾರಿನ ಪ್ರಸಿದ್ಧ ಜಾಹೀರಾತು ಹೊರಟಿತು: ಪುಟದ ಬಹುಭಾಗವೆಲ್ಲ ಬರಿದು, ಒಂದು ಮೂಲೆಯಲ್ಲಿ ಪುಟಾಣಿ ಮೋಟಾರು, ಸಣ್ಣದಾಗಿ ಯೋಚಿಸಿರೆಂಬ ಎರಡು ಮಾತು. ಚಿತ್ರವನ್ನು ಹೆಲ್ಮುಟ್ ಕ್ರೋನ್ ಹೊಂದಿಸಿದ, ಮಾತನ್ನು ಜೂಲಿಯನ್ ಕೇನಿಗ್ ಬರೆದ. ಆದರೆ ಆ ಬರಿದಾದ ಜಾಗ ಚಿತ್ರಕಾರನದೋ ಬರಹಗಾರನದೋ ಎಂದು ಬಿಡಿಸಿ ಹೇಳುವುದು ಅಸಾಧ್ಯ. ವಾಗರ್ಥಗಳ ಸಾಹಚರ್ಯವನ್ನು ಕುರಿತು ಕಾವ್ಯಮೀಮಾಂಸೆಯಲ್ಲಿ ನಾವು ಆಡುವ ಮಾತನ್ನು ಸಾಬೂನು, ಮೋಟಾರುಗಳ ಮಟ್ಟಕ್ಕೆ ಇಳಿಸಬಹುದಾದರೆ ಇದು ಅದಕ್ಕೆ ಉದಾಹರಣೆ. ಸಹಾಧ್ಯಯನದ ಪರವಾದ ಅತ್ಯಂತ ಬಲವಾದ ವಾದವೂ ಇದೇ.

ಇನ್ನು ಎದುರು ವಾದ. ಇದಕ್ಕೆ ಒಂದು ಸಿಗರೇಟು ಪೊಟ್ಟಣದ ಕಥೆ ಸಾಕು. 1930ರ ದಶಕದಲ್ಲಿ ಅಮೆರಿಕದ ಲಕ್ಕಿ ಸ್ಟ್ರೈಕ್ ಸಿಗರೇಟು ಹಸಿರು ಪೊಟ್ಟಣದಲ್ಲಿ ಮಾರಾಟವಾಗುತ್ತಿತ್ತು. ಆ ಹಸಿರು ತಮ್ಮ ಉಡುಪುಗಳಿಗೆ ಹೊಂದುವುದಿಲ್ಲವೆಂದು ಹೆಂಗಸರು ಅದನ್ನು ಕೊಳ್ಳುತ್ತಿರಲಿಲ್ಲ. ಪೊಟ್ಟಣದ ಬಣ್ಣವನ್ನು ಬದಲಾಯಿಸಿರೆಂದು ಬರ್ನೇಸ್ ಸಲಹೆ ಕೊಟ್ಟನು. ಆ ಬಣ್ಣವನ್ನು ಜನರ ನೆನಪಿನಲ್ಲಿ ನಿಲ್ಲಿಸಲು ಲಕ್ಷಾಂತರ ಡಾಲರು ವೆಚ್ಚವಾಗಿದೆಯೆಂದು ಒಡೆಯನಾದ ಜಾರ್ಜ್ ವಾಷಿಂಗ್ಟನ್ ಹಿಲ್ ಒಪ್ಪಲಿಲ್ಲ. ಹಾಗಾದರೆ ಲೋಕದ ಬಣ್ಣವನ್ನೇ ಬದಲಾಯಿಸೋಣವೆಂದು ಬರ್ನೇಸ್ ಹೊರಟನು. 1934ರಲ್ಲಿ ನ್ಯೂಯಾರ್ಕಿನ ಸಿರಿವಂತ ಮಹಿಳೆಯರಿಂದ ಧರ್ಮಕಾರ್ಯದ ಹೆಸರಿನಲ್ಲಿ ಒಂದು ‘ಹಸಿರು ನೃತ್ಯಕೂಟ’ವನ್ನು ಏರ್ಪಡಿಸಿದ, ಉಡುಪಿನ ಪತ್ರಿಕೆಗಳ ಸಂಪಾದಕರನ್ನು ಹಸಿರು ತಿನಿಸುಗಳ ಔತಣಕ್ಕೆ ಕರೆದ, ಹಸಿರಿನ ಗುಣವನ್ನು ಮನಶ್ಶಾಸ್ತ್ರಜ್ಞನಿಂದ ವ್ಯಾಖ್ಯಾನ ಮಾಡಿಸಿದ. ಆ ವರ್ಷ ಹಸಿರೇ ಉಡುಪಿನ ಬಣ್ಣವಾಯಿತು. ಇದೆಲ್ಲದರ ಹಿಂದೆ ಸಿಗರೇಟು ಇರುವುದು ಔತಣಕ್ಕೆ ಬಂದವರಿಗೆ ತಿಳಿದಿರಲಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 1940ರಲ್ಲಿ ಅದೇ ಹಿಲ್, ರೇಮಂಡ್ ಲೋವಿ ಎಂಬ ವಿನ್ಯಾಸಕಾರನನ್ನು ಕರೆಯಿಸಿದನು. ಲೋವಿ ಹಸಿರನ್ನು ತೆಗೆದು ಪೊಟ್ಟಣವನ್ನು ಬಿಳಿದಾಗಿಸಿ, ಕೆಂಪು ವರ್ತುಲದ ಗುರುತನ್ನು ಮುಂದೂ ಹಿಂದೂ ಎರಡು ಕಡೆಯೂ ಇರಿಸಿದನು. ಮೇಜಿನ ಮೇಲೆ ಹೇಗೆ ಬಿದ್ದರೂ ಹೆಸರು ಕಾಣಬೇಕಷ್ಟೆ. ವಸ್ತುವನ್ನು ನೋಡಿ ಮಾಡಿದ ಸರಳ ಪರಿಹಾರ. ಬಿಳಿಯ ಪೊಟ್ಟಣ 1942ರಲ್ಲಿ ಅಂಗಡಿಗೆ ಬಂದಾಗ ಜಾಹೀರಾತಿನವರು ತಮ್ಮ ಕೈಚಳಕವನ್ನು ಸೇರಿಸಿದರು: ಹಸಿರು ಶಾಯಿಗೆ ಬೇಕಾದ ಲೋಹವನ್ನು ಯುದ್ಧಕ್ಕೆ ಬಿಟ್ಟುಕೊಟ್ಟಿದ್ದೇವೆ, ನಮ್ಮ ಹಸಿರು ಯುದ್ಧಕ್ಕೆ ಹೋಗಿದೆ ಎಂದು ಸಾರಿದರು. ಬಣ್ಣ ಬದಲಾದುದು ಹೆಂಗಸರ ಮೆಚ್ಚುಗೆಗಾಗಿ; ಹೇಳಿದ ಕಾರಣ ದೇಶಭಕ್ತಿ.

ಒಂದೇ ಪೊಟ್ಟಣದ ಮೇಲೆ ಮೂರು ವಿದ್ಯೆಗಳೂ ಎಂಟು ವರ್ಷಗಳೊಳಗೆ ಕೆಲಸ ಮಾಡಿದುದರಿಂದ ಅವುಗಳ ಸ್ವಭಾವಭೇದವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಆದರೆ ವಿನ್ಯಾಸಕಾರನು ನಿರ್ದೋಷಿ, ಉಳಿದಿಬ್ಬರು ದೋಷಿಗಳು ಎಂದು ತೀರ್ಪು ಕೊಡುವುದು ಆತುರವಾದೀತು. ಲೋವಿಯ ಬಿಳುಪು ಆ ಸಿಗರೇಟನ್ನು ಇನ್ನಷ್ಟು ಕೈಗಳಿಗೆ ಮುಟ್ಟಿಸಿತೆಂಬುದೇ ಅದರ ಯಶಸ್ಸು. ಇತ್ತ ಬರ್ನೇಸ್, ಹೊಗೆಬತ್ತಿಯ ಅಪಾಯ 1964ರ ಅಮೆರಿಕ ಸರಕಾರದ ವೈದ್ಯಕೀಯ ವರದಿಯಿಂದ ಜಗಜ್ಜಾಹೀರಾದ ಆ ದಶಕದಲ್ಲಿ, ಅದೇ ಹೊಗೆಬತ್ತಿಯ ವಿರುದ್ಧ ತನ್ನ ವಿದ್ಯೆಯನ್ನು ಬಳಸಿದನು. ಸುಂದರವಾದ ಪೊಟ್ಟಣ ಒಳಗಿರುವುದನ್ನು ಕುರಿತು ಏನನ್ನೂ ಹೇಳದಿರುವುದೂ ಒಂದು ಬಗೆಯ ಮಾತೇ.

ಬೌಹೌಸಿನ ಬಾಯರನ ಜೀವನವನ್ನು ನೋಡಿದರೂ ಹೀಗೆಯೇ. ದೊಡ್ಡಕ್ಷರಗಳಿಲ್ಲದ ಸರಳ ರೋಮನ್ ಲಿಪಿಯೊಂದನ್ನು ಕಲ್ಪಿಸಿದ ಈ ಪ್ರತಿಭಾವಂತ, ಶಾಲೆಯನ್ನು ಬಿಟ್ಟ ಮೇಲೆ ಬರ್ಲಿನ್ನಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಪ್ರಮುಖನಾದನು. ಅವನು ಕಲಿಸಿದ ಶಾಲೆ 1933ರಲ್ಲಿ ನಾಜಿಗಳ ಒತ್ತಡದಿಂದ ಮುಚ್ಚಿತು. 1936ರಲ್ಲಿ, ಒಲಿಂಪಿಕ್ ಪಂದ್ಯಗಳ ಕಾಲದಲ್ಲಿ, ಅದೇ ನಾಜಿ ಸರಕಾರದ ‘ಜರ್ಮನಿ’ ಪ್ರದರ್ಶನದ ಪುಸ್ತಿಕೆಯನ್ನು ಬಾಯರನೇ ವಿನ್ಯಾಸಗೊಳಿಸಿದನು. ಎರಡು ವರ್ಷಗಳ ತರುವಾಯ ಅವನೂ ದೇಶವನ್ನು ಬಿಟ್ಟನು. ಇವನನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಆ ಕಾಲದಲ್ಲಿ ಆ ಊರಿನಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವೋ ಬಲ್ಲವರಾರು? ಆದರೆ ಪುಟದ ಮೇಲೆ ಅಕ್ಷರವನ್ನು ಎಲ್ಲಿ ಇಡಬೇಕೆಂಬ ವಿವೇಕವು, ಯಾರ ಪುಟಕ್ಕೆ ಕೈಹಾಕಬೇಕೆಂಬ ವಿವೇಕವನ್ನು ತಾನಾಗಿ ತಂದುಕೊಡುವುದಿಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆಗಳ ಬೆಳವಣಿಗೆಗೆ ಮುಂಬಯಿಯೇ ಮುಖ್ಯ ಕ್ಷೇತ್ರ. 1857ರಲ್ಲಿ ಸ್ಥಾಪಿತವಾದ ಜೆ. ಜೆ. ಕಲಾಶಾಲೆಯಲ್ಲಿ ವಾಣಿಜ್ಯಕಲೆಯ ವಿಭಾಗ 1935ರಲ್ಲಿ ತೆರೆಯಿತು. 1961ರಲ್ಲಿ ಅದು ಅನ್ವಯಿಕ ಕಲೆಯ ಪ್ರತ್ಯೇಕ ಸಂಸ್ಥೆಯಾಯಿತು. ಅದೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅದಕ್ಕೆ ಬುನಾದಿಯಾದ 1958ರ ವರದಿಯಲ್ಲಿ ಅಮೆರಿಕದ ಈಮ್ಸ್ ದಂಪತಿಗಳು ನಮ್ಮ ಸಾಮಾನ್ಯ ಲೋಟೆಯನ್ನು, ಎಂದರೆ ನೀರು ತರುವ ಚೊಂಬನ್ನು, ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅತಿ ಸುಂದರವಾದುದೆಂದು ಕೊಂಡಾಡಿದರು. ಅದರ ತೂಕ, ಬಾಯಿಯ ಅಳತೆ, ಸೊಂಟದ ಮೇಲೆ ಕೂರುವ ರೀತಿ, ಬಗ್ಗಿಸಿದಾಗ ನೀರು ಸುರಿಯುವ ಬಗೆ ಎಲ್ಲವನ್ನೂ ಅವರು ಪ್ರಶ್ನೆಗಳಾಗಿ ಕೇಳಿಕೊಂಡಿದ್ದಾರೆ. ಚೊಂಬಿಗೆ ಜಾಹೀರಾತು ಎಂದೂ ಬೇಕಾಗಿರಲಿಲ್ಲ. ಪವಾಯಿಯ ಐ.ಐ.ಟಿ.ಯಲ್ಲಿ ವಿನ್ಯಾಸ ಕೇಂದ್ರ 1969ರಲ್ಲಿ ತೊಡಗಿತು. ಜಾಹೀರಾತು, ಸಾರ್ವಜನಿಕ ಸಂಪರ್ಕಗಳಾದರೋ ಬೇರೆ ಗೋತ್ರದವು: 1965ರಲ್ಲಿ ದಿಲ್ಲಿಯಲ್ಲಿ ಸ್ಥಾಪಿತವಾದ ಸಮೂಹ ಸಂವಹನ ಸಂಸ್ಥೆ ಇವೆರಡನ್ನೂ ಒಂದೇ ಡಿಪ್ಲೊಮಾದಲ್ಲಿ ಕಟ್ಟಿತು, ಅಹಮದಾಬಾದಿನ ‘ಮೈಕಾ’ 1991ರಲ್ಲಿ ಜಾಹೀರಾತು ಉದ್ಯಮದ ಒಡಲಿನಿಂದಲೇ ಬಂದಿತು. ಹೀಗೆ ಎರಡು ಗೋತ್ರಗಳಾಗಿದ್ದವನ್ನು ಈಗ ಖಾಸಗಿ ವಿಶ್ವವಿದ್ಯಾನಿಲಯಗಳು ಒಂದೇ ಮಂಟಪಕ್ಕೆ ತರುತ್ತಿವೆ. ಮದುವೆ ಮಾಡಿಸುವವರಿಗೆ ಲಗ್ನದ ಅವಸರವಿರುವುದು ಸಹಜ.

ಕಲಾಶಾಲೆಯ ಅರ್ಹತೆಪತ್ರವೇ ಸರ್ವಸ್ವವಲ್ಲವೆಂಬುದಕ್ಕೆ ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರೇ ಸಾಕ್ಷಿ. ಜೆ. ಜೆ. ಶಾಲೆ ಅವರಿಗೆ ಪ್ರವೇಶವನ್ನು ನಿರಾಕರಿಸಿತು. ಮುಂದೆ ಅದೇ ಊರಿನಲ್ಲಿ ಅವರು ದೇಶಕ್ಕೆಲ್ಲ ಪರಿಚಿತರಾದರು. 1954ರಲ್ಲಿ ಏಷಿಯನ್ ಪೇಂಟ್ಸ್ ಕಂಪನಿಗಾಗಿ ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ ‘ಗಟ್ಟು’ವನ್ನು ಬರೆದರು. ಸುಮಾರು ಅರ್ಧ ಶತಮಾನ ಆ ಹುಡುಗ ಬಣ್ಣದಂಗಡಿಗಳ ಫಲಕಗಳ ಮೇಲೆ ನಿಂತಿದ್ದನು. ಬಣ್ಣ ಶ್ರೇಷ್ಠವೆಂದು ಅವನು ಎಲ್ಲಿಯೂ ಪ್ರಮಾಣ ಮಾಡುವುದಿಲ್ಲ. ಅವನ ಜಡೆಗೂದಲು, ಜಾರುವ ಚಡ್ಡಿಗಳನ್ನು ಕಂಡು ನಾವು ನಗುತ್ತೇವೆ, ಹೆಸರು ನೆನಪಿನಲ್ಲಿ ಉಳಿಯುತ್ತದೆ.

ಇದಕ್ಕಿಂತಲೂ ಹಿಂದಿನ ಕನ್ನಡದ ಉದಾಹರಣೆಯೊಂದು ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದು. 1914ರ ಮಹಾಯುದ್ಧದಿಂದ ಮೈಸೂರಿನ ಶ್ರೀಗಂಧ ಹೊರದೇಶಕ್ಕೆ ಹೋಗದೆ ರಾಶಿಬಿದ್ದಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ, ಗಂಧದೆಣ್ಣೆಯ ಕಾರಖಾನೆ ಆರಂಭವಾಯಿತು, 1918ರಲ್ಲಿ ಸಾಬೂನು. ಅದಕ್ಕೆ ಕರ್ತೃವಾದ ರಸಾಯನತಜ್ಞ ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತುಬಂದವರು. ಜನ ಅವರನ್ನು ‘ಸೋಪು ಶಾಸ್ತ್ರಿ’ ಎಂದೇ ಕರೆದರು. ವಿನ್ಯಾಸವನ್ನಾಗಲಿ ಜಾಹೀರಾತನ್ನಾಗಲಿ ಅವರು ಯಾವ ಶಾಲೆಯಲ್ಲಿಯೂ ಓದಿರಲಿಲ್ಲ. ಆದರೂ ಉಳಿದ ಸಾಬೂನುಗಳು ಇಟ್ಟಿಗೆಯಂತಿದ್ದಾಗ ಇದಕ್ಕೆ ಅಂಡಾಕೃತಿ ಬಂದಿತು. ಒಡವೆಯ ಪೆಟ್ಟಿಗೆಯನ್ನು ಹೋಲುವ ಹೂಬಳ್ಳಿಯ ಪೊಟ್ಟಣ ಬಂದಿತು. ಆನೆಯ ತಲೆ, ಸಿಂಹದ ಒಡಲುಳ್ಳ ಶರಭ ಲಾಂಛನವಾಯಿತು. ಪ್ರಚಾರವೂ ಹಿಂದುಳಿಯಲಿಲ್ಲ, ಬೆಂಕಿಪೊಟ್ಟಣ, ಟ್ರಾಮಿನ ಚೀಟಿಗಳ ಮೇಲೆ ಇದರ ಚಿತ್ರವಿತ್ತೆಂದೂ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದ್ದರೆಂದೂ ಹೇಳುತ್ತಾರೆ. ಮೂರು ವಿದ್ಯೆಗಳ ಸಂಗಮ ಇಲ್ಲಿ ನಡೆದಿದೆ. ಆದರೆ ಕ್ರಮವನ್ನು ಗಮನಿಸಬೇಕು. ಮೊದಲು ಎಣ್ಣೆ, ಆಮೇಲೆ ಸಾಬೂನು, ಆಮೇಲೆ ಪೊಟ್ಟಣ, ಕೊನೆಗೆ ಒಂಟೆ. ಪೊಟ್ಟಣವನ್ನು ಒಡವೆಯಂತೆ ಮಾಡಿದವನಿಗೆ ಒಳಗಿರುವುದು ಒಡವೆಯಷ್ಟು ನಂಬುಗೆಯದೆಂಬ ಅರಿವು, ತಾನೇ ಕಾಯಿಸಿ ಇಳಿಸಿದುದರಿಂದ, ಇದ್ದಿತು. ಈಗಿನ ಪಠ್ಯಕ್ರಮಗಳಲ್ಲಿ ನಾನು ಕಾಣುವ ದೋಷವೆಂದರೆ ಒಂಟೆಯನ್ನು ಮೊದಲ ವರ್ಷದಲ್ಲಿಯೇ ತರುವುದು. ನಮ್ಮ ಹುಡುಗಿ ತಂದ ಪ್ರಾಸ್ಪೆಕ್ಟಸಿನಲ್ಲಿ ‘ಬ್ರಾಂಡ್ ಕಥನ’ವೆಂಬುದು ಪ್ರಥಮ ವರ್ಷದ ವಿಷಯ, ಕಾಗದ, ಶಾಯಿ, ಮುದ್ರಣಗಳ ಪಾಠ ಮೂರನೆಯ ವರ್ಷಕ್ಕೆ, ಅದೂ ಐಚ್ಛಿಕ.

ಸರಕಾರವೇ ಈ ಮೂರು ವಿದ್ಯೆಗಳನ್ನು ಒಟ್ಟಿಗೆ ಹೂಡಿದಾಗ ಏನಾಗುತ್ತದೆಂಬುದಕ್ಕೆ ಕೆಂಪು ತ್ರಿಕೋನವೇ ನಿದರ್ಶನ. 1960ರ ದಶಕದಲ್ಲಿ ಕುಟುಂಬ ಯೋಜನೆಯ ಪ್ರಚಾರಾಧಿಕಾರಿ ದೀಪ್ ತ್ಯಾಗಿಯವರು ರೂಢಿಗೆ ತಂದ ಆ ತಲೆಕೆಳಗಾದ ತ್ರಿಕೋನವು ವಿನ್ಯಾಸದ ದೃಷ್ಟಿಯಿಂದ ಅಪೂರ್ವ ಕೃತಿ. ಓದುಬಾರದವನಿಗೂ ತಿಳಿಯುತ್ತದೆ, ಮಣ್ಣಿನ ಗೋಡೆಯ ಮೇಲೆ ಯಾವ ಕೈಯೂ ಅದನ್ನು ಬರೆಯಬಲ್ಲದು, ಮಳೆಗೆ ಅರ್ಧ ಅಳಿಸಿದರೂ ಗುರುತು ಸಿಗುತ್ತದೆ. 1975ರಿಂದ 1977ರ ವರೆಗಿನ ತುರ್ತುಪರಿಸ್ಥಿತಿಯಲ್ಲಿ ಅದೇ ತ್ರಿಕೋನದ ಕೆಳಗೆ ಬಲಾತ್ಕಾರದ ಶಿಬಿರಗಳು ನಡೆದವು. 1976-77ರ ಒಂದೇ ವರ್ಷದಲ್ಲಿ ಎಂಬತ್ತು ಲಕ್ಷಕ್ಕೂ ಮೇಲ್ಪಟ್ಟು ಶಸ್ತ್ರಕ್ರಿಯೆಗಳಾದವು. ಚಿಹ್ನೆ ಒಂದು ಗೆರೆಯೂ ಬದಲಾಗಲಿಲ್ಲ. ಅದನ್ನು ಕಂಡರೆ ಜನ ಓಡಿಹೋಗುವಂತಾಯಿತು. ಮೈಸೂರು ಸಂಸ್ಥಾನವು ಇದೇ ಕಾರ್ಯಕ್ಕಾಗಿ 1930ರಲ್ಲಿಯೇ ಚಿಕಿತ್ಸಾಲಯಗಳನ್ನು ತೆರೆದು, ಬಂದವರಿಗೆ ಸಲಹೆ ಕೊಟ್ಟು ಕಳುಹಿಸುತ್ತಿದ್ದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಾರ್ವಜನಿಕ ಸಂಪರ್ಕದ ಪಾಠದಲ್ಲಿ ಈ ತ್ರಿಕೋನದ ಪೂರ್ವಾರ್ಧವನ್ನು ಯಶಸ್ಸಿನ ಉದಾಹರಣೆಯಾಗಿ ಹೇಳಿ ಉತ್ತರಾರ್ಧವನ್ನು ರಾಜ್ಯಶಾಸ್ತ್ರದವರಿಗೆ ಬಿಟ್ಟುಬಿಡುವುದಾದರೆ, ಅಂತಹ ಪಾಠ ವಿಶ್ವವಿದ್ಯಾನಿಲಯಕ್ಕೆ ತಕ್ಕುದಲ್ಲ.

ಇನ್ನೊಂದು ಮಾತು ನಮ್ಮವರಿಗೇ ಸಂಬಂಧಪಟ್ಟುದು. ಕನ್ನಡದಲ್ಲಿ ನಾವು ಕಾಣುವ ಜಾಹೀರಾತುಗಳಲ್ಲಿ ಬಹುಭಾಗ ಮುಂಬಯಿಯಲ್ಲಿಯೋ ದಿಲ್ಲಿಯಲ್ಲಿಯೋ ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಹುಟ್ಟಿ, ಭಾಷಾಂತರಗೊಂಡು ಬಂದವು. ಮಾತಿನ ದುರವಸ್ಥೆಯನ್ನು ಕುರಿತು ಹಲವರು ದೂರಿದ್ದಾರೆ. ಅಕ್ಷರದ ದುರವಸ್ಥೆಯನ್ನು ಕುರಿತು ದೂರಿದವರು ಕಡಿಮೆ. ರೋಮನ್ ಅಕ್ಷರಕ್ಕಾಗಿ ಅಳೆದ ಪುಟದಲ್ಲಿ ಸಾಲುಸಾಲಿನ ನಡುವೆ ಇರುವ ಎಡೆ ಕನ್ನಡಕ್ಕೆ ಸಾಲುವುದಿಲ್ಲ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ ಎಂಬ ಮಾತುಗಳನ್ನು ಬರೆದು ನೋಡಿ: ಒತ್ತಕ್ಷರಗಳು ಗೆರೆಯ ಕೆಳಕ್ಕೆ ಇಳಿಯುತ್ತವೆ, ಗುಡಿಸು ದೀರ್ಘಗಳು ಮೇಲಕ್ಕೂ ಬಲಕ್ಕೂ ಹಬ್ಬುತ್ತವೆ. ಎಡೆ ಸಾಲದಿದ್ದರೆ ಅಕ್ಷರವನ್ನು ಕುಗ್ಗಿಸುತ್ತಾರೆ. ಕುಗ್ಗಿಸಿದರೆ ಒಳಗಿನ ಬಟ್ಟಲು ಮುಚ್ಚಿಹೋಗಿ ‘ಪ’ ಯಾವುದು ‘ಷ’ ಯಾವುದೆಂದು ತಿಳಿಯದಾಗುತ್ತದೆ. ಭಾಷಾಂತರಕಾರನಿಗೆ ವಿನ್ಯಾಸ ತಿಳಿಯದು, ವಿನ್ಯಾಸಕಾರನಿಗೆ ಕನ್ನಡ ತಿಳಿಯದು. ಬರ್ನ್‌ಬಾಕ್ ಒಂದು ಕೋಣೆಗೆ ತಂದ ಇಬ್ಬರು ನಮ್ಮ ಪಾಲಿಗೆ ಇಂದಿಗೂ ಎರಡು ಊರುಗಳಲ್ಲಿದ್ದಾರೆ.

ಈ ಕೊರತೆಯನ್ನು ಬಲ್ಲವರು ಇರಲಿಲ್ಲವೆಂದಲ್ಲ. ಆರ್. ಕೆ. ಜೋಶಿ ಎಂಬ ಅಕ್ಷರಶಿಲ್ಪಿಯನ್ನು ಇಲ್ಲಿ ಸ್ಮರಿಸಲೇಬೇಕು. 1936ರಲ್ಲಿ ಹುಟ್ಟಿದ ಇವರು ಮುಂಬಯಿಯ ಜಾಹೀರಾತು ಸಂಸ್ಥೆಯಾದ ಉಲ್ಕಾದಲ್ಲಿ ಕಲಾನಿರ್ದೇಶಕರಾಗಿದ್ದು, ಆಮೇಲೆ ಪವಾಯಿಯ ವಿನ್ಯಾಸ ಕೇಂದ್ರದಲ್ಲಿ ಅಧ್ಯಾಪಕರಾದರು. ಮರಾಠಿಯ ಕವಿಯೂ ಹೌದು. ಭಾರತದ ಲಿಪಿಗಳನ್ನು ಅವುಗಳ ಲೇಖನಿಯ ನಡೆಯಿಂದ ಅರಿಯಬೇಕೆಂದು ಹಟಹಿಡಿದು ಅಭ್ಯಾಸ ಮಾಡಿದವರು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಗಣಕಗಳಲ್ಲಿ ಕನ್ನಡಕ್ಕೆಂದು ಒದಗಿದ ‘ತುಂಗಾ’ ಅಕ್ಷರಶೈಲಿ ಅವರ ನಿರ್ದೇಶನದಲ್ಲಿ ರೂಪುಗೊಂಡುದು. ಅದು ಅತ್ಯಂತ ಸುಂದರವಾದ ಕನ್ನಡ ಅಕ್ಷರವೆಂದು ನಾನು ಹೇಳಲಾರೆ. ಒತ್ತುಗಳು ತುಸು ಸಣಕಲು. ಆದರೆ ಕನ್ನಡಿಗರು ಗಣಕದ ತೆರೆಯ ಮೇಲೆ ವರ್ಷಗಟ್ಟಲೆ ಓದಿದ ಲಿಪಿ ಜಾಹೀರಾತಿನಿಂದ ವಿನ್ಯಾಸಕ್ಕೆ ನಡೆದುಬಂದ ಮರಾಠಿ ಕವಿಯೊಬ್ಬನ ಕಣ್ಣಿನಡಿಯಲ್ಲಿ ಸಿದ್ಧವಾಯಿತೆಂಬುದು ಸಹಾಧ್ಯಯನದ ಪರವಾಗಿ ನಾನು ಕಂಡ ಸಾಕ್ಷ್ಯಗಳಲ್ಲಿ ಬರ್ನ್‌ಬಾಕನದಕ್ಕಿಂತಲೂ ಹಿರಿದು. 2008ರಲ್ಲಿ ಅವರು ತೀರಿಕೊಂಡಾಗ ಕನ್ನಡ ಸಂಘಗಳಲ್ಲಿ ಸಂತಾಪ ಸಭೆ ನಡೆದುದನ್ನು ನಾನು ಕೇಳಲಿಲ್ಲ.

ಹದಿನೈದು ದಿನಗಳಾದ ಮೇಲೆ ಹುಡುಗಿ ಬಂದಳು. ಸೇರು, ಆದರೆ ಸೇರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿ ಬಾ ಎಂದೆ: ಮುದ್ರಣ ಕಮ್ಮಟ ಎಲ್ಲಿದೆ, ಅದರ ಬಾಗಿಲು ಮೊದಲ ವರ್ಷದವರಿಗೆ ತೆರೆದಿದೆಯೇ, ಕಕ್ಷಿದಾರನ ಕೆಲಸವನ್ನು ಬೇಡವೆಂದ ವಿದ್ಯಾರ್ಥಿಗೆ ಗುಣ ಕೊಡುವ ಪದ್ಧತಿ ಉಂಟೇ, ರೋಮನ್ನಿನ ಹೊರತು ಬೇರೆ ಯಾವ ಲಿಪಿಯನ್ನು ಬರೆಯಿಸುತ್ತೀರಿ. ಕಮ್ಮಟ ಉಂಟೆಂದೂ ಆದರೆ ಬೀಗದ ಕೈ ಹಿರಿಯ ವಿದ್ಯಾರ್ಥಿಗಳಲ್ಲಿದೆಯೆಂದೂ ಉತ್ತರ ಬಂದಿತು. ಎರಡನೆಯ ಪ್ರಶ್ನೆಗೆ ಅಧ್ಯಾಪಕರು ನಕ್ಕರಂತೆ. ಮೂರನೆಯದಕ್ಕೆ ದೇವನಾಗರಿ ಒಂದು ವಾರ ಎಂದರು. ಅವಳು ಅಲ್ಲಿಯೇ ಸೇರಿದಳು. ಭಾನುವಾರಗಳಂದು ಅಜ್ಜನ ಬಳಿ ಕುಳಿತು ಹಳೆಯ ಮೊಳೆಯಚ್ಚಿನ ಪಂಚಾಂಗವೊಂದನ್ನು ಮುಂದಿಟ್ಟುಕೊಂಡು ಕನ್ನಡದ ಒತ್ತಕ್ಷರಗಳನ್ನು ಬರೆಯುತ್ತಾಳೆ. ಹೋದ ತಿಂಗಳು ನಮ್ಮ ಸಂಘದ ಉಪನ್ಯಾಸಮಾಲೆಯ ಕರೆಯೋಲೆಯನ್ನು ಅಚ್ಚಿಗೆ ಕೊಡುವ ಮುನ್ನ ಅವಳಿಗೆ ತೋರಿಸಿದೆವು. ‘ಶಾಸ್ತ್ರ’ದ ಒತ್ತು ಕೆಳಸಾಲಿನ ‘ಕೀರ್ತಿ’ಯ ಗುಡಿಸಿಗೆ ತಗಲುತ್ತಿದೆಯೆಂದು ಎರಡು ಸಲ ಹಿಂದಕ್ಕೆ ಕಳುಹಿಸಿದಳು. ಕಾರ್ಯದರ್ಶಿಗಳಿಗೆ ಸ್ವಲ್ಪ ಬೇಸರವಾಯಿತು. ಓಲೆಗಳು ಎರಡು ದಿನ ತಡವಾಗಿ ಅಂಚೆಗೆ ಹೋದವು.